ಒಂದು ರೂಪಾಯಿ ತೂಕ

ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸು ನಿಂತಿತು.
ಊಟದ ಬಿಡುವು ನಲವತ್ತು ನಿಮಿಷ.
ಚರ್ಮದ ಚೀಲವನ್ನು ಡ್ರೈವರ್ ಜಯಕರನ ಕೈಗೆ ಕೊಟ್ಟು
ಊಟ ಬಿಟ್ಟು ರಥಬೀದಿಗೆ ನಡೆದೆ.
ಅಂಗಿಯ ಕಿಸೆಯಲ್ಲಿ, ಹರಿದ ಟ್ರಿಪ್‌ಶೀಟಿನಲ್ಲಿ ಸುತ್ತಿದ್ದ
ದೂಮಜ್ಜಿಯ ನಾಣ್ಯ.

ಹದಿನೇಳು ವರ್ಷದ ಕಂಡಕ್ಟರ್ ನಾನು.
ಕತ್ತಲಲ್ಲೂ ಬೆರಳು ಹೇಳುತ್ತದೆ ಯಾವುದು ಐದು, ಯಾವುದು ಎರಡು,
ಯಾವುದು ಯಾರೋ ದಾಟಿಸಿದ ಗಲ್ಫಿನ ಚಿಲ್ಲರೆ.
ಇದರ ಮುಂದೆ ಮಾತ್ರ ಬೆರಳಿಗೆ ಬಾಯಿಲ್ಲ.

ಗುರುದಾಸ ಶೇಟರು ಕನ್ನಡಕ ಹಣೆಗೇರಿಸಿ
ಒಂಟಿಗಣ್ಣಿನ ಗಾಜು ಸಿಕ್ಕಿಸಿಕೊಂಡರು.
ಮೊದಲು ಕಲ್ಲಿನ ಮೇಲೆ ಬೀಳಿಸಿ ಕಿವಿಗೊಟ್ಟರು.
ಪಕ್ಕದ ಜ್ಯೂಸಂಗಡಿಯ ಮಿಕ್ಸಿಯ ಗದ್ದಲದೊಳಗೂ
ಸದ್ದು ಬೇಗ ಸಾಯಲಿಲ್ಲ.
"ಬೆಳ್ಳಿಯೇ. ಸಂಶಯ ಬೇಡ."
ಆಮೇಲೆ ಮೂಗಿನ ಹತ್ತಿರ ಹಿಡಿದರು.
"ಇಂಗಿನ ಡಬ್ಬಿಯಲ್ಲಿತ್ತಾ ಇದು?"

ಇತ್ತು.
ನಡುವೆ ಮಸಿ, ಅಂಚಿನಲ್ಲಿ ಬಂಗುಡೆ ಬೆನ್ನಿನ ನೀಲಿ.
ರಾಣಿಯ ಮೂಗು ಸವೆದು ಕೆನ್ನೆಗೆ ಸೇರಿತ್ತು.
ಹದಿನೆಂಟರ ಮುಂದಿನ ಎರಡಂಕಿಯನ್ನು
ಯಾರ ಹೆಬ್ಬೆರಳೋ ತಿಂದಿತ್ತು.

"ಕರಗಿಸಿದರೆ ಇಷ್ಟು" ಎಂದು ಪೇಪರಿನ ಅಂಚಿನಲ್ಲಿ ಬರೆದರು.
"ಇಸವಿ ಓದಲು ಸಿಕ್ಕಿದ್ದರೆ ಇಷ್ಟು" ಎಂದು ಬರೆದು
ತಾವೇ ಅದರ ಮೇಲೆ ಗೆರೆ ಎಳೆದರು.
"ಹುಣಸೆಹುಳಿ ಹಾಕಿ ಉಜ್ಜಬೇಡಿ ಮತ್ತೆ.
ಹೊಳಪಿಗೆ ಯಾರೂ ಕಾಸು ಕೊಡುವುದಿಲ್ಲ,
ಕಪ್ಪಿಗೆ ಕೊಡುವವರಿದ್ದಾರೆ."

ತಕ್ಕಡಿಯ ಕೆಂಪಂಕಿ ತಡಕಾಡಿ ನಿಂತಿತು:
ಹನ್ನೊಂದು ಪಾಯಿಂಟ್ ಸೊನ್ನೆ ಎಂಟು.
"ಪೂರ್ತಿ ಇದ್ದಾಗ ಹನ್ನೊಂದು ಅರುವತ್ತಾರು. ಒಂದು ತೊಲ."
ನನಗೆ ನಗು ಬಂತು. ಶೇಟರು ಗಾಜು ತೆಗೆದು ನೋಡಿದರು.

ಜೆಪ್ಪುವಿನಲ್ಲಿ, ಹಂಚಿನ ಕಾರ್ಖಾನೆಯ ಹಿಂದೆ,
ಭಾನುವಾರ ಬೆಳಿಗ್ಗೆ ಹಳದಿ ಕಣ್ಣಿನವರ ಸಾಲು.
ಎರಡು ಗೆರಟೆ, ಒಂದು ಕೋಲು, ಅಜ್ಜಿಯ ತಕ್ಕಡಿ ಅಷ್ಟೆ.
ಒಂದರಲ್ಲಿ ಬೇರು, ಒಂದರಲ್ಲಿ ಈ ನಾಣ್ಯ.
"ಒಂದು ರೂಪಾಯಿ ತೂಕ. ಮಜ್ಜಿಗೆಯಲ್ಲಿ, ಮೂರು ದಿನ.
ಮೀನು ಮುಟ್ಟಿದರೆ ನನ್ನನ್ನು ಕೇಳಬೇಡ."
ಎಷ್ಟು ಕೊಡಬೇಕು ಎಂದವನಿಗೆ ಬೈಗುಳ,
ಬಾಳೆಗೊನೆ ಇಟ್ಟು ಹೋದವನಿಗೆ ಸುಮ್ಮನಿರುವಿಕೆ.
ಒಂಬತ್ತನೆಯ ವಯಸ್ಸಿನಲ್ಲಿ ನಾನೂ ಕುಡಿದೆ. ಇದ್ದೇನೆ.

ಅರುವತ್ತು ವರ್ಷ ತೂಗಿದ್ದು
ಇವತ್ತು ತೂಗಿಸಿಕೊಂಡು ಕಮ್ಮಿ ಬಿತ್ತು.
ಅಂದರೆ ಅಜ್ಜಿ ಕೊಟ್ಟ ಮದ್ದೆಲ್ಲ ಕಮ್ಮಿಯೇ,
ವರ್ಷದಿಂದ ವರ್ಷಕ್ಕೆ ಕೂದಲೆಳೆಯಷ್ಟು ಇನ್ನೂ ಕಮ್ಮಿ.
ಆ ಕಮ್ಮಿಯಲ್ಲೇ ಜನ ಗುಣವಾಗಿ ಎದ್ದು ಹೋದರು.
ಗುಣವಾಗದವರು
ತಿರುಗಿ ಬಂದು ಹೇಳಲಿಲ್ಲ.

"ಇಷ್ಟು ಬೆಳ್ಳಿ ಎಲ್ಲಿ ಹೋಯಿತು ಶೇಟ್ರೆ?"
"ಎಲ್ಲಿಗೆ ಹೋಗುತ್ತದೆ ಮಾರಾಯ್ರೆ, ಕೈಗೆ ಹೋಗುತ್ತದೆ."
ಕತೆ ಕೇಳಿದ ಮೇಲೆ ಅವರು ನಾಣ್ಯ ಹಿಂದೆ ಕೊಡಲಿಲ್ಲ,
ಸ್ವಲ್ಪ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡರು.
"ನಮ್ಮ ಸೊಸೆಗೆ ಕಾಮಾಲೆ. ಹದಿನೆಂಟು ದಿನ ಆಯಿತು.
ಆ ಬೇರು ಯಾವುದು, ಗೊತ್ತುಂಟಾ?"

ಅಕ್ಕನಿಗೆ ಅದರ ವಾಸನೆ ನೆನಪುಂಟು.
ತಮ್ಮನಿಗೆ ಕಹಿ.
ನನಗೆ ತೂಕ.
ಮೂವರಿಗೆ ಪಾಲು ಮಾಡಲೆಂದೇ ನಾನು ಬೆಲೆ ಕೇಳಲು ಬಂದದ್ದು.
ಬೇರಿನ ಹೆಸರು
ಯಾರ ಪಾಲಿಗೂ ಬಂದಿಲ್ಲ.

"ವೆನ್ಲಾಕಿಗೆ ಕರಕೊಂಡು ಹೋಗಿ" ಎಂದೆ.
ಹೌದು ಹೌದು ಎಂದರು. ಪರೀಕ್ಷೆಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ನೇತ್ರಾವತಿ ಸಂಕದ ಮೇಲೆ ಅಕ್ಕನ ಫೋನು:
"ಎಷ್ಟಂತೆ?"
ಗಾಳಿ, ಕೇಳಿಸುವುದಿಲ್ಲ ಎಂದೆ.

ತೊಕ್ಕೊಟ್ಟಿನಲ್ಲಿ ಹತ್ತಿದ ಹೆಂಗಸು
ಮುಷ್ಟಿ ಬಿಡಿಸಿ ಎರಡು ಸಲ ಎಣಿಸಿದಳು.
ಒಂದು ರೂಪಾಯಿ ಕಮ್ಮಿ ಇತ್ತು.
ಕಿಸೆಯೊಳಗೆ ಅದು ಬೆಚ್ಚಗಾಗಿತ್ತು.
ಇರಲಿ ಎಂದೆ.
ರೈಟ್, ಪೋಯಿ.